ಹಳೆಯ ಚೈನಿನ ಬಾಲಕ್ಕೆ ಹೊಸ ಚೈನು

ಶಾಂಭವಿ, ಬಸು, ಕಳೆದ ರಜೆಯಲ್ಲಿ ಬಂದಾಗ ಮಗ್ಗದ ಕೋಣೆಯ ಗೂಟಕ್ಕೆ ತೂಗುಹಾಕಿದ ಚೈನನ್ನು ನೋಡಿ, "ಅಜ್ಜಿ, ಈ ತುಕ್ಕು ಹಿಡಿದದ್ದನ್ನ ಯಾಕ ಇಟ್ಕೊಂಡೀ?" ಎಂದು ಕೇಳಿದಿರಿ. ನಾನು ನಕ್ಕು ಒಳಗೆ ಹೋದೆ. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ. ನಮ್ಮೂರ ಸಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತ ಅಕ್ಷರಗಳಿವೆ. ಅವುಗಳಲ್ಲೇ ಬರೆಯುತ್ತೇನೆ.

ಕೊರೊನಾ ಬರುವ ಹಿಂದಿನ ವರ್ಷದ ಮಾತು. ಸಂಕ್ರಾಂತಿ ಆಗಿ ಒಂದು ವಾರ ಕಳೆದಿತ್ತು. ನಿಮ್ಮ ತಾತ ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವರು. ಮೊಣಕಾಲು ನೋಯತೊಡಗಿದ ಮೇಲೆ ಮಗ್ಗ ಕಡಿಮೆ ಮಾಡಿದರು. ಆಗ ರಾಯಚೂರಿನ ಹತ್ತಿ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟ ಮೋಟರ್ ಸೈಕಲ್ ತಂದರು. ದೂರದ ಪ್ರಯಾಣಕ್ಕೆಂದೇ ಮಾಡಿದ ಎತ್ತರದ ಗಾಡಿ, ಎರಡೂ ಪಕ್ಕಕ್ಕೆ ಪೆಟ್ಟಿಗೆ. ಕೇರಿಯೆಲ್ಲ ನೋಡಿ ನಕ್ಕಿತು. ಅವರು ಮಾತ್ರ, "ಮಕ್ತಲ್, ಗದ್ವಾಲ್, ಆಲಂಪುರ, ಅಲ್ಲಿಂದ ಶ್ರೀಶೈಲ. ನಾವಿಬ್ಬರ ಹೋಗಿ ಬರೋಣು" ಎಂದರು. ಮದುವೆಯಾದಾಗಿನಿಂದ ನಾನು ನಾರಾಯಣಪೇಟೆ ಬಿಟ್ಟು ಹೋದದ್ದೆಂದರೆ ತವರಿಗೆ, ಬಾಣಂತನಕ್ಕೆ, ಸಾವಿಗೆ. ನೋಡಬೇಕೆಂದೇ ಒಂದು ಊರಿಗೆ ಹೋಗಿದ್ದಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹೊರಡುವ ಬೆಳಿಗ್ಗೆ ನನ್ನ ಮೈದುನ ಬಾಗಿಲಲ್ಲೇ ನಿಂತಿದ್ದ. "ಅತ್ತಿಗೆವ್ವ, ಹೋಗಾಗ ಗಾಡಿ ಮ್ಯಾಲೆ ಹೊಂಟೀರಿ. ಬರಾಗ ಕೆಟ್ಟ ಗಾಡಿ ಹೇರಾಕ ಟ್ರಾಲಿ ನಾ ಕಳಿಸ್ತೀನಿ ತಗೋರಿ!" ಎಂದ. ಆಮೇಲೆ ಅಣ್ಣನಿಗೆ ಮೆಲ್ಲಗೆ, "ಚೈನು ಜೋತುಬಿದ್ದೈತಿ, ಬದ್ಲಿ ಮಾಡಿ ಹೋಗು" ಎಂದೂ ಹೇಳಿದ. ಹೊಸ ಚೈನು ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಹಾಕಿಸಿರಲಿಲ್ಲ. ನಿಮ್ಮ ತಾತನ ಉತ್ತರ ಈಗಲೂ ಕಿವಿಯಲ್ಲಿದೆ. "ಇರೋ ಹಾಸು ಮುಗಿಯೋದ್ರಾಗ ಯಾರರ ಹೊಸ ಹಾಸು ಏರಸ್ತಾರೇನು? ಇನ್ನೂ ಓಡತೈತಿ, ಓಡಲಿ."

ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು. ಅದನ್ನು ಕೊನೆಯ ಗೇಣಿನವರೆಗೂ ನೇಯುವವರು ನಾವು. ಆದರೆ ಚೈನು ನೂಲಲ್ಲ.

ಮಕ್ತಲ್ ಮುಟ್ಟುವ ಮೊದಲೇ ಹಿಂದಿನ ಚಕ್ರದಲ್ಲಿ ಕಟಕಟ ಶುರುವಾಯಿತು. ಒಂದು ಏರಿನಲ್ಲಿ ಇಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಇಳಿದು ನಡೆದೆವು. ಅವರು ತಳ್ಳುತ್ತಾ, ನಾನು ಸೆರಗು ಹೊದ್ದು ಹಿಂದೆ. ಮಕ್ತಲ್ ಊರ ಹೊರಗೆ ರಾಯಚೂರು ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಸಿಕ್ಕಿತು. ಅಲ್ಲಿನ ಮಿಸ್ತ್ರಿ ಐವತ್ತರ ಆಸುಪಾಸಿನವನು, ಗಡ್ಡಕ್ಕೆ ಮೆಹಂದಿ ಹಚ್ಚಿದ್ದ. ಹಿಂದಿನ ಚಕ್ರದ ಮೇಲಿದ್ದ ಚೈನನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಅದು ಚಕ್ರದ ಹಲ್ಲುಗಳನ್ನು ಬಿಟ್ಟು ಮೇಲೆದ್ದು ಬಂತು.

"ಕಾಕಾ, ಇದು ಚೈನೋ, ಹಸುವಿನ ಹಗ್ಗಾನೋ? ಖತಮ್ ಆಗೈತಿ."

"ಹೊಸಾದು ಐತಿ" ಎಂದು ನಿಮ್ಮ ತಾತ ಪೆಟ್ಟಿಗೆಯಿಂದ ತೆಗೆದುಕೊಟ್ಟರು.

"ಜೇಬಿನಾಗ ರೊಟ್ಟಿ ಇಟ್ಕೊಂಡು ಉಪವಾಸ ಮಾಡೀರಲ್ಲ!" ಎಂದು ಮಿಸ್ತ್ರಿ ನಕ್ಕ. ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ನಾಲ್ಕು ಗಂಡಸರೂ ನಕ್ಕರು. ನಾನು ಬೇವಿನ ಮರದ ಹಿಂದೆ ಸರಿದೆ.

ಚೈನು ಸುತ್ತಿಬರುವ ಮುಂದಿನ ಹಲ್ಲಿನ ಚಕ್ರ ಒಂದು ಮುಚ್ಚಳದ ಒಳಗಿರುತ್ತದೆ. ಮಿಸ್ತ್ರಿ ಆ ಮುಚ್ಚಳದ ಎರಡು ಬೋಲ್ಟು ಬಿಚ್ಚಿದ. ಮೂರನೆಯದರ ತಲೆ ಸವೆದು ಗುಂಡಗಾಗಿತ್ತು. ಪಾನಾ ಹಾಕಿದಷ್ಟೂ ಜಾರಿತು. ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ತಟ್ಟಿದ, ಅಲ್ಲಾನನ್ನು ನೆನೆದ. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಕೈ ಒರೆಸಿಕೊಂಡು, "ಇದು ಬಿಚ್ಚಾಂಗಿಲ್ಲ ಕಾಕಾ. ವೆಲ್ಡಿಂಗಿಗೆ ರಾಯಚೂರಿಗೆ ಒಯ್ಯಬೇಕು. ಎರಡು ದಿನ ಗಾಡಿ ಬಿಟ್ಟು ಹೋಗ್ರಿ" ಎಂದ.

ನಿಮ್ಮ ತಾತ ನನ್ನ ಕಡೆ ತಿರುಗಿದರು. ನಲವತ್ತು ವರ್ಷದಲ್ಲಿ ಅಂಥ ಸೋತ ಮುಖ ನಾನು ನೋಡಿರಲಿಲ್ಲ. "ಬಸ್ಸಿಗೆ ಊರಿಗೆ ಹೋಗೋಣು. ಮತ್ತ ಯಾವಾಗರ ನೋಡಿದ್ರಾತು" ಎಂದರು. ಮತ್ತೆ ಯಾವಾಗಲೂ ಅದು ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮನೆಯಲ್ಲಿ ನಗುತ್ತಾರೆ, ಅವರು ಗಾಡಿ ಮಾರಿಬಿಡುತ್ತಾರೆ, ಅಷ್ಟೇ.

ಮಿಸ್ತ್ರಿ ಹಿಂದಿನ ಚಕ್ರದ ಹತ್ತಿರ ಚೈನಿನ ಎರಡು ತುದಿ ಕೂಡಿಸುವ ಲಾಕ್ ತೆಗೆದಿದ್ದ. ಗಾಡಿಯನ್ನು ಒಳಗೆ ನಿಲ್ಲಿಸಲು ಅಡ್ಡಿಯಾಗಬಾರದೆಂದು ಹಳೆಯ ಚೈನಿನ ಕೆಳಗಿನ ತುದಿ ಹಿಡಿದು ಎಳೆಯತೊಡಗಿದ. ಮೇಲಿನ ತುದಿ ಒಂದೊಂದೇ ಕೊಂಡಿಯಾಗಿ ಆ ಮುಚ್ಚಳದ ಕಡೆಗೆ ಸರಿಯುತ್ತಿತ್ತು. ಅದನ್ನು ನೋಡಿ ನಾನು ಮರದ ಹಿಂದಿನಿಂದ ಈಚೆ ಬಂದೆ.

ಹೊಸ ಸೊಸೆಯಾಗಿದ್ದಾಗ ಒಮ್ಮೆ ಹೀಗೇ ಹಳೆಯ ಹಾಸಿನ ಬಾಲವನ್ನು ಹಣಿಗೆಯಿಂದ ಪೂರ್ತಿ ಎಳೆದುಬಿಟ್ಟಿದ್ದೆ. ಹಣಿಗೆ ಎಂದರೆ ಎಳೆಗಳು ಒಂದೊಂದಾಗಿ ಹಾದುಬರುವ, ಮಗ್ಗದ ದೊಡ್ಡ ಬಾಚಣಿಗೆ. ಆಮೇಲೆ ಅತ್ತೆ ಎರಡು ದಿನ ಕೂತು ಒಂದೊಂದೇ ಎಳೆ ಪೋಣಿಸಿದರು. ಬೈಯಲಿಲ್ಲ, ಕಲಿಸಿದರು. ಹಳೆಯ ಹಾಸಿನ ಬಾಲ ಒಳಗಿರುವಾಗಲೇ ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಎಳೆಯನ್ನು ಹಳೆಯ ಎಳೆಗೆ ಹೊಸೆದು ಕೆಚ್ಚಬೇಕು, ಅಂದರೆ ಕೂಡಿಸಬೇಕು. ಆಮೇಲೆ ಹಳೆಯದನ್ನು ಎಳೆದರೆ ಹೊಸದು ತಾನೇ ಹಿಂಬಾಲಿಸಿ ಹಾದು ಬರುತ್ತದೆ.

ಮುಚ್ಚಳದ ಹೊರಗೆ ಚೈನಿನ ಬಾಲ ಇನ್ನು ಗೇಣಷ್ಟೇ ಉಳಿದಿತ್ತು.

"ಪೂರಾ ಎಳೀಬ್ಯಾಡ್ರಿ!"

ಕೂಗಿದ್ದು ನಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಬೆಂಚಿನವರು ಚಹಾ ಬಿಟ್ಟು ತಿರುಗಿದರು. ನಿಮ್ಮ ತಾತನೂ ತಿರುಗಿದರು. ಓಡಿಹೋಗಬೇಕೆನಿಸಿತು. ಆದರೆ ಕೈ ಮಾತ್ರ ಆ ಬಾಲವನ್ನು ಹಿಡಿದಿತ್ತು.

"ಇದರ ಬಾಲಕ್ಕ ಹೊಸಾದು ಜೋಡಸ್ರಿ. ಆಮ್ಯಾಲೆ ಎಳೀರಿ. ಮುಚ್ಚಳ ಬಿಚ್ಚೋದು ಯಾಕ ಬೇಕು?"

"ಅಮ್ಮಾ, ಇದು ಸೀರಿ ಅಲ್ಲರೀ, ಗಾಡಿ."

"ನಮ್ಮ ಹಣಗ್ಯಾಗ ಸಾವಿರಾರು ಎಳಿ ಹಿಂಗ ದಾಟತಾವು. ನಿಮ್ಮದು ಒಂದೇ ಐತಲ್ಲ!"

ಮಿಸ್ತ್ರಿ ನನ್ನನ್ನು ನೋಡಿದ, ಚೈನನ್ನು ನೋಡಿದ. ಆ ಲಾಕಿನಿಂದಲೇ ಹೊಸ ಚೈನಿನ ತುದಿಯನ್ನು ಹಳೆಯದಕ್ಕೆ ಜೋಡಿಸಿ, ಗಾಡಿ ನ್ಯೂಟ್ರಲ್‌ನಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡ. "ಹೊಸಾದು ನೀವೇ ಹಿಡೀರಮ್ಮಾ, ಮಣ್ಣಿಗೆ ಬೀಳಬಾರದು." ಅವನು ಕೆಳಗಿನಿಂದ ಎಳೆದ, ನಾನು ಮೇಲಿನಿಂದ ಬಿಡುತ್ತಾ ಹೋದೆ. ಹೊಸ ಚೈನು ಮುಚ್ಚಳದೊಳಗೆ ಹೋಯಿತು. ಒಂದು ಸಲ ತಡೆಯಿತು. ನಾನು ಸ್ವಲ್ಪ ಸಡಿಲ ಬಿಟ್ಟೆ. ಆಮೇಲೆ ಕೆಳಗಿನಿಂದ ಹೊಳೆಯುವ ಕೊಂಡಿಗಳು ಇಣುಕಿದವು.

"ಬಂತು! ಬಂತು ನೋಡು!" ಎಂದು ನಿಮ್ಮ ತಾತ ಹಣೆ ಬಡಿದುಕೊಂಡರು. "ದಿನಾ ಮಾಡೋ ಕೆಲಸ, ನನಗ ಹೊಳೀಲಿಲ್ಲಲ್ಲೋ!"

ಹಳೆಯದನ್ನು ಬಿಡಿಸಿ, ಹೊಸದರ ಎರಡೂ ತುದಿ ಸೇರಿಸಿ, ಮಿಸ್ತ್ರಿ ಲಾಕ್ ಹಾಕಿದ. "ಇಪ್ಪತ್ತು ವರ್ಷದಿಂದ ಮುಚ್ಚಳ ಬಿಚ್ಚಾಕ ಹತ್ತೀನಿ. ನಾಳಿಂದ ಅಮ್ಮಾರು ಶೆಡ್ಡಿನಾಗ ಕೂಡಲಿ, ನಾ ಹೋಗಿ ಸೀರಿ ನೇಯ್ತೀನಿ" ಎಂದ. ಹಲ್ಲಿನ ಚಕ್ರಗಳೂ ಸವೆದಿವೆ, ಮೆಲ್ಲಗೆ ಓಡಿಸಿ, ತಿರುಗಿ ಬಂದ ಕೂಡಲೇ ಬದಲಿಸಿ ಎಂದು ಎರಡೆರಡು ಸಲ ಹೇಳಿ, ಹಳೆಯ ಚೈನನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ.

ಜೂರಾಲ ಅಣೆಕಟ್ಟಿನ ಮೇಲೆ ಕೃಷ್ಣೆಯ ಗಾಳಿ ಹೊಡೆಯುತ್ತಿತ್ತು. ನಿಮ್ಮ ತಾತ ತಿರುಗದೆಯೇ, "ನಿನ್ನ ದನಿ ಇಷ್ಟು ದೊಡ್ಡದು ಐತಿ ಅಂತ ನನಗ ಗೊತ್ತೇ ಇರಲಿಲ್ಲಲ್ಲ!" ಎಂದರು. ಬೆನ್ನಿಗೆ ಮುಖ ಇಟ್ಟು ನಕ್ಕೆ. ಗದ್ವಾಲ್ ಕೋಟೆ ನೋಡಿದೆವು, ಶ್ರೀಶೈಲ ಮುಟ್ಟಿದೆವು. ಹೋದ ಹೋದಲ್ಲಿ ಅವರು ಈ ಕತೆ ಹೇಳುತ್ತಿದ್ದರು, ನಾನು ಸೆರಗು ಎಳೆದುಕೊಳ್ಳುತ್ತಿದ್ದೆ. ಟ್ರಾಲಿ ಬೇಕಾಗಲಿಲ್ಲ.

ಅವರು ಹೋಗಿ ಮೂರು ವರ್ಷವಾಯಿತು. ಈಗ ಬ್ಯಾಂಕಿಗೆ, ಸೀರೆ ಅಂಗಡಿಗೆ ನಾನೇ ಹೋಗಬೇಕು. ಬ್ಯಾಂಕಿನ ಕಿಟಕಿಯ ಮುಂದೆ ದನಿ ಏಳದಿದ್ದಾಗ ಮಕ್ತಲ್‌ನ ಆ ಬೇವಿನ ಮರವನ್ನು ನೆನೆಯುತ್ತೇನೆ. ದನಿ ಹೊರಡುತ್ತದೆ. ಮನೆಗೆ ಬಂದು ಚೈನನ್ನೊಮ್ಮೆ ಮುಟ್ಟುತ್ತೇನೆ.

ಶಾಂಭವಿ, ಬಸು, ಈ ಹಾಳೆಗಳನ್ನು ಆ ಗೂಟದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ. ಮುಂದೆ ಇವು ಹಳದಿಯಾಗಿ ಅಂಚು ಉದುರತೊಡಗಿದರೆ ಎಸೆಯಬೇಡಿ. ಅಕ್ಷರ ಕಾಣುತ್ತಿರುವಾಗಲೇ ಹೊಸ ಹಾಳೆ ತಂದು ಬರೆದುಕೊಳ್ಳಿ. ಆಮೇಲೆ ಹಳೆಯದು ಹೋದರೂ ಚಿಂತೆಯಿಲ್ಲ.