ಗೂಟ ಕಿತ್ತ ಜಾಗ

ಕೆಂಗೇರಿ ಆಚೆಯ ಗಾಲ್ಫ್ ಮೈದಾನದಲ್ಲಿ ಇವತ್ತು ಅಭ್ಯಾಸಕ್ಕೆಂದು ಮಗಳು ಚೆಂಡು ಹೊಡೆದಾಗ, ಜೊತೆಗೇ ಹುಲ್ಲಿನ ಹೆಂಟೆಯೊಂದು ಎದ್ದು ಬಂತು. ಆ ಹಸಿಮಣ್ಣಿನ ವಾಸನೆ ನನ್ನನ್ನು ಇಲ್ಲೇ ಕೆಂಗೇರಿ ಹತ್ತಿರದ ಉಲ್ಲಾಳದ ನಮ್ಮ ಮನೆ ಹಿಂದಿನ ಹುಲ್ಲುಗಾವಲಿಗೆ ಎಳೆದೊಯ್ದಿತು.

ಅಜ್ಜಿ ನಮ್ಮ ಹಸು ಕೆಂಪಿಯನ್ನು ಎಂದೂ ಒಂದೇ ಕಡೆ ಕಟ್ಟುತ್ತಿರಲಿಲ್ಲ. ದಿನವೂ ಗೂಟ ಕಿತ್ತು, ಮೇಯದ ಜಾಗದಲ್ಲಿ ಹೊಡೆಯುತ್ತಿದ್ದಳು. ಕಿತ್ತ ಕುಳಿಗೆ ಪುಡಿಮಣ್ಣು ತುಂಬಿ, ಮಗುವಿನ ಬೆನ್ನು ತಟ್ಟಿದಂತೆ ಅಂಗೈಯಿಂದ ತಟ್ಟುತ್ತಿದ್ದಳು. ನಾನು ಅದರ ಮೇಲೆ ಕಾಲಿಡಲು ಹೋದರೆ ತಡೆಯುತ್ತಿದ್ದಳು.

“ತುಳೀಬ್ಯಾಡ ಕಣೇ. ಹುಲ್ಲು ತಿರ್ಗಾ ಏಳ್ಬೇಕು.”

ಕೆಂಪಿ ಸತ್ತ ಸಂಜೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅಜ್ಜಿ ಒಬ್ಬಳೇ ಹೋಗಿ ಗೂಟ ಕಿತ್ತು, ಕುಳಿ ಮುಚ್ಚಲು ಕೂತಳು.

“ಇನ್ನು ಯಾರಿಗಜ್ಜಿ ಈ ಹುಲ್ಲು?” ಎಂದು ಕೇಳಿದೆ.

“ಮೇಯೋರಿಲ್ಲ ಅಂತ ನೆಲಕ್ಕೆ ಗಾಯ ಮಾಡಿ ಹಂಗೇ ಬಿಟ್ಟೋಗಕ್ಕಾಯ್ತದಾ?” ಎಂದಳು. ಕೈ ನಿಲ್ಲಿಸಲಿಲ್ಲ.

ಈ ಮೈದಾನದ ಕೋಚ್, ಚೆಂಡು ಹೊಡೆಯುವವರು ನಿಲ್ಲುವ ಸಾಲು ಗುರುತಿಸಲು ಅಡ್ಡ ಕಟ್ಟಿದ ಹಗ್ಗ ತೋರಿಸಿದರು. “ಇದನ್ನ ದಿನಾ ಸರಿಸ್ತೀವಿ ಮೇಡಂ, ಹೊಡೆದ ಜಾಗಕ್ಕೆ ರೆಸ್ಟ್ ಬೇಕಲ್ಲ. ಆ ಗುಂಡಿಗೆ ಬೀಜ ಬೆರೆಸಿದ ಮರಳು ಹಾಕಿ, ಕಾಲಲ್ಲಿ ಒತ್ತಿಬಿಡಿ, ಸಾಕು.”

ಮಗಳು ಮರಳು ಸುರಿದು, ಒತ್ತಲೆಂದು ಶೂ ಕಾಲು ಎತ್ತಿದಳು. ಅಷ್ಟರಲ್ಲಿ ನನ್ನ ಅಂಗೈ ಅಲ್ಲಿತ್ತು.