ಬೆಳೆಯುವ ಕಾಲಿಗೆ ಬಿಗಿ ಶೂ

"ಬೆಳೆಯೋ ಕಾಲು, ಒಂದ್ ಸೈಜ್ ದೊಡ್ಡದೇ ಕೊಡಪ್ಪ" ಎಂದರು, ಮಂಡ್ಯದ ಶೂ ಅಂಗಡಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಬಸರಾಳು ಕಡೆಯ ತಾಯಿ. ಮಗಳು ಒಪ್ಪಲಿಲ್ಲ.

"ಓದ್ಸಲ ಸಡಿಲ ಶೂ ಆಕ್ಕೊಂಡು ಓಡಿ ಬಿದ್ದೆ ಕಣವ್ವ. ವೆಯ್ಟ್ ಎತ್ತುವಾಗ್ಲೂ ಕಾಲು ಒಳಗೇ ಜಾರ್ತದೆ. ನಾಳಿದ್ದು ಸ್ಪೋರ್ಟ್ಸ್ ಸೆಲೆಕ್ಷನ್ನು, ನಂಗೆ ಈ ಬಿಗಿ ಶೂನೇ ಬೇಕು."

ತಾಯಿ ಚಪ್ಪಲಿ ಬಿಟ್ಟು, ಆ ಶೂಗಳನ್ನು ತಾವೇ ಹಾಕಿಕೊಂಡು ಅಂಗಡಿಯೊಳಗೆ ನಡೆದು ನೋಡಿದರು.

"ನಂಗೂ ಆಯ್ತದೆ. ನಿನ್ ಕಾಲು ಬೆಳೆದ್ಮೇಲೆ ನಾನು ಕಬ್ಬಿನ ಗದ್ದೆಗೆ ಆಕ್ಕೋತೀನಿ. ತಕೋ ಬುಡು."

ನನ್ನ ಕಾನ್ವೆಂಟ್ ದಿನಗಳಲ್ಲಿ ಮಮ್ಮಿ ದೊಡ್ಡ ಶೂ ಕೊಂಡು ತುದಿಗೆ ಹತ್ತಿ ತುರುಕುತ್ತಿದ್ದರು. ಸ್ಪೋರ್ಟ್ಸ್ ಡೇಯಲ್ಲಿ ನಾನು ಎಂದೂ ಓಡಲಿಲ್ಲ. ಆ ಹುಡುಗಿ ಸೆಲೆಕ್ಟ್ ಆದಳೋ ಇಲ್ಲವೋ, ಐ ಡೋಂಟ್ ನೋ. ಶೂ ಮಾತ್ರ ಪರ್ಫೆಕ್ಟ್ ಫಿಟ್ ಆಗಿತ್ತು.