ಒಂದನೇ ನಂಬರಿನ ಓಟಗಾರ

ಗುಂಡ್ಲುಪೇಟೆಯ ಗೊಬ್ಬರದಂಗಡಿ ಶಿವಶಂಕರ ಓಟಗಾರನಾದದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ಬೇರೆಯವರಿಗೆ ಆ ಕಾಯಿಲೆ ಬಂದರೆ ಬಾಯಿ ಕಟ್ಟುತ್ತಾರೆ. ಇವನಿಗೆ ಅದು ಸಾಧ್ಯವಾಗದೆ ಬೂಟು ಕಟ್ಟಿದ.

ಅದುವರೆಗೆ ಅವನು ಮೈ ಬಗ್ಗಿಸಿದ್ದನ್ನು ಕಂಡವರಿಲ್ಲ. ಅಪ್ಪ ಮಾಡಿಟ್ಟ ಅಂಗಡಿ. ಮೂಟೆ ಹೊರುವವರು ಬೇರೆ, ತೂಗುವವರು ಬೇರೆ, ಬಿಲ್ಲು ಬರೆಯುವವರು ಬೇರೆ. ಇವನ ಪಾಲಿಗೆ ಉಳಿದದ್ದು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆಕಳಿಸುವ ಕೆಲಸ. ಅದನ್ನು ಶ್ರದ್ಧೆಯಿಂದಲೇ ಮಾಡಿದ. ಮೂವತ್ತೆಂಟು ತುಂಬುವ ಹೊತ್ತಿಗೆ ಕುರ್ಚಿಗೂ ಅವನಿಗೂ ನಡುವೆ ಗಾಳಿ ಆಡಲು ಜಾಗವಿರಲಿಲ್ಲ. ಮೈಸೂರಿನ ಡಾಕ್ಟರು 'ದಿನಾ ನಡೀರಿ' ಎಂದರು. ಬಿಳಿ ಬೂಟು, ನೀಲಿ ಚಡ್ಡಿ ಕೊಂಡು ತಂದು ಊಟಿ ರಸ್ತೆಯಲ್ಲಿ ಬೆಳಿಗ್ಗೆ ನಡೆಯತೊಡಗಿದ. ಕೇರಳಕ್ಕೆ ತರಕಾರಿ ಹೊತ್ತೊಯ್ಯುವ ಲಾರಿಯವರು ಹಾರನ್ ಹೊಡೆದರೆ ತನಗೇ ನಮಸ್ಕಾರ ಹೇಳಿದರೆಂದು ಕೈ ಎತ್ತುತ್ತಿದ್ದ.

ಕಾಸಿರುವವನು ಚಡ್ಡಿ ಹಾಕಿಕೊಂಡು ರಸ್ತೆಗಿಳಿದರೆ ಊರಿನ ಸೇವಾ ಸಂಘದವರ ಕಣ್ಣಿಗೆ ಬೀಳದೆ ಇರುತ್ತಾನೆಯೇ? ಸಂಘದವರು ವರ್ಷಕ್ಕೊಮ್ಮೆ ಬಡವರ ಕಣ್ಣಿನ ಆಪರೇಷನ್ನಿಗೆ ಹಣ ಕೂಡಿಸಲು ಒಂದು ಓಟ ಮಾಡುತ್ತಿದ್ದರು. ಕುರುಡರಿಗೆ ಕಣ್ಣು ಬರಲು ಕಣ್ಣಿರುವವರು ಯಾಕೆ ಓಡಬೇಕು ಎಂದು ಕೇಳಬಾರದು. ಸುಮ್ಮನೆ ಕೊಡಿ ಎಂದರೆ ನಮ್ಮ ಜನ ಕೊಡುವುದಿಲ್ಲ. ಸಂಘದವರು ಇದನ್ನು ಅರಿತವರು. ದೇವಸ್ಥಾನದಲ್ಲಿ ಮೊದಲ ತಾಂಬೂಲ ಯಾರಿಗೆ ಎಂದು ಜಗಳವಾಡುವ ಊರು ಇದು. ಅದೇ ಕ್ರಮವನ್ನು ಓಟಕ್ಕೂ ತಂದರು. ಎಲ್ಲರಿಗಿಂತ ಹೆಚ್ಚು ಕೊಟ್ಟವನ ಎದೆಗೆ ಒಂದನೇ ನಂಬರಿನ ಬಟ್ಟೆ. ಅವನಿಗಿಂತ ಕಡಿಮೆ ಕೊಟ್ಟವನಿಗೆ ಎರಡು. ಏನೂ ಕೊಡದೆ ನಿಜವಾಗಿ ಓಡುವವರಿಗೆ ನೂರರ ಮೇಲಿನ ನಂಬರು.

ಒಂದನೇ ನಂಬರು ಶಿವಶಂಕರನದಾಯಿತು. ಎರಡನೆಯದು ಅಕ್ಕಿ ಗಿರಣಿಯವನಿಗೆ, ಮೂರು ಬ್ರಾಂದಿ ಅಂಗಡಿಯವನಿಗೆ.

ಈ ದಾನಿಗಳ ಓಟಕ್ಕೆ ಒಂದು ಪದ್ಧತಿ ಇತ್ತು. ಮುಂದಿನ ಸಾಲಿನಲ್ಲಿ ನಿಲ್ಲಬೇಕು. ಪೀಪಿ ಊದಿದ ಕೂಡಲೇ ಮುಖದಲ್ಲಿ ದೇಶಸೇವೆಯ ಭಾವ ತಂದುಕೊಂಡು, ಮುಂದೊಂದು ಹುಣಸೆಮರದಡಿ ಸ್ಟುಡಿಯೋ ಶಂಕರ್ ಕ್ಯಾಮೆರಾ ಹಿಡಿದು ಕಾಯುವಲ್ಲಿಯವರೆಗೆ ಓಡಬೇಕು. ಆ ಮರಕ್ಕೆ ಫೋಟೋ ಮರ ಎಂದೇ ಹೆಸರು. ಅದರಾಚೆ ಸಂಘದ ಜೀಪು. ಡ್ರೈವರ್ ಮಾದೇವ ಹಿಂದಿನ ಪರದೆ ಎತ್ತಿ ಹಿಡಿದಿರುತ್ತಿದ್ದ; ನಂಬರು ಒಂದು, ಎರಡು, ಮೂರು ಅದರೊಳಗೆ ಏರಿ ಎಳನೀರು ಕುಡಿಯುತ್ತಾ ಹೋಗಿ ವೇದಿಕೆಯ ಹಿಂದೆ ಇಳಿಯುತ್ತಿದ್ದವು. ಮುಖಕ್ಕೆ ನೀರು ಚಿಮುಕಿಸಿಕೊಂಡರೆ ಬೆವರಾಯಿತು. ಆಮೇಲೆ ಶಾಲು, ಹಾರ, ಶೀಲ್ಡು.

ಶೀಲ್ಡು ಹಿಡಿದು ಮನೆಗೆ ಬಂದಾಗ ಹೆಂಡತಿ ದಾನೇಶ್ವರಿ, "ಅಯ್ಯೋ ಶಿವನೆ, ಒಂದನೇ ನಂಬರು! ಗೆದ್ಬುಟ್ರಾ?" ಎಂದು ಕೆನ್ನೆಗೆ ಕೈ ಇಟ್ಟುಕೊಂಡಳು. ಶಿವಶಂಕರ ಹೌದು ಎನ್ನಲಿಲ್ಲ. ಇಲ್ಲವೆಂದೂ ಅನ್ನಲಿಲ್ಲ. ಬೂಟಿನ ದಾರ ಬಿಚ್ಚುತ್ತಾ ನಿಟ್ಟುಸಿರು ಬಿಟ್ಟ. ವ್ಯಾಪಾರದಲ್ಲಿ ಇದು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ. ಗಿರಾಕಿ ತಾನೇ ತಪ್ಪು ತಿಳಿದರೆ ಅಂಗಡಿಯವನು ಏನು ಮಾಡಿಯಾನು?

ಆ ಶೀಲ್ಡಿನ ಸುದ್ದಿ ದಾನೇಶ್ವರಿಯ ತವರಾದ ಉಡಿಗಾಲಕ್ಕೆ ಹೋಯಿತು. ಅಲ್ಲಿ ಅವಳ ಅಪ್ಪ ಮರಿಮಲ್ಲಪ್ಪ, ಅರಿಶಿನ ಬೆಳೆದು ಅರಿಶಿನದ ಬಣ್ಣಕ್ಕೇ ತಿರುಗಿದ್ದ ಗಟ್ಟಿ ಆಳು. ಅಳಿಯನನ್ನು ಕಂಡರೆ ಅವನಿಗೆ ಮೊದಲಿನಿಂದಲೂ ತಾತ್ಸಾರ. "ನಮ್ಮ ಅಳಿಯಂದ್ರು ತಕ್ಕಡಿ ಕಲ್ಲಿದ್ದಂಗೆ ಕನಪ್ಪ. ತೂಕ ಅದೆ, ಕದಲಾಕಿಲ್ಲ" ಎಂದು ಅರಳಿಕಟ್ಟೆಯಲ್ಲಿ ಹೇಳಿ ನಗಿಸುತ್ತಿದ್ದ. ಅಳಿಯ ಬಂದರೆ ಜಗಲಿಯ ಮೇಲೆ ಕೂತಲ್ಲಿಂದಲೇ "ಬನ್ನಿ" ಎನ್ನುವನೇ ಹೊರತು ಮದುವೆಯಾದಂದಿನಿಂದ ಒಮ್ಮೆಯೂ ಎದ್ದವನಲ್ಲ. ಶಿವಶಂಕರನಿಗೆ ಇದು ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು. ಶೀಲ್ಡು ಬಂದ ವರ್ಷದ ದೀಪಾವಳಿಗೆ ಹೋದಾಗ ಮರಿಮಲ್ಲಪ್ಪ ಎದ್ದು ನಿಂತ! ಎದ್ದು, ಹೆಗಲ ಟವಲನ್ನು ಕೆಳಗಿಳಿಸಿ, "ಬರಬೇಕು ಅಳಿಯಂದ್ರು" ಎಂದ. ಅಂದಿನ ಹೋಳಿಗೆಗೆ ತುಪ್ಪವೂ ಎರಡು ಮಿಳ್ಳೆ ಹೆಚ್ಚು ಬಿತ್ತು. ಆ ಎದ್ದು ನಿಲ್ಲುವುದೊಂದಕ್ಕಾಗಿ ಶಿವಶಂಕರ ಪ್ರತಿ ವರ್ಷ ಒಂದನೇ ನಂಬರನ್ನು ಬಿಡದೆ ಹಿಡಿದುಕೊಂಡ. ಕೊಟ್ಟವನು ಕೋಡಂಗಿ ಎನ್ನುತ್ತಾರೆ. ಇವನು ಕೊಟ್ಟೂ ವೀರಭದ್ರನಾಗಿದ್ದ.

ಇದು ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಚಾಮರಾಜನಗರ ಹೊಸ ಜಿಲ್ಲೆಯಾಗಿ ಎಲ್ಲರಿಗೂ ಜಿಲ್ಲಾಮಟ್ಟದ ಹುಚ್ಚು ಹತ್ತಿತು. ತೊಂಬತ್ತೆಂಟರ ಓಟ ಗುಂಡ್ಲುಪೇಟೆಯೊಳಗೇ ಸುತ್ತಿದರೆ ಸಾಲದು, ತೆರಕಣಾಂಬಿಯಿಂದ ಹೊರಟು ಚಾಮರಾಜನಗರ ಮುಟ್ಟಬೇಕು ಎಂದು ಸಂಘ ತೀರ್ಮಾನಿಸಿತು. ಆ ದಾರಿಯ ನಡುವೆ ಉಡಿಗಾಲ.

"ಈ ಸಾರಿ ಓಟ ನಮ್ಮೂರ್ ಮೇಲೇ ಓಯ್ತದಂತಲ್ಲ!" ಎಂದಳು ದಾನೇಶ್ವರಿ. "ಅಪ್ಪಯ್ಯಂಗೆ ಪೋನ್ ಮಾಡ್ಸಿವ್ನಿ. ಊರ್ಗೂರೇ ರೋಡಲ್ ನಿಂತ್ಕತದಂತೆ."

ಶಿವಶಂಕರನ ಕೈಯ ಮುದ್ದೆ ಕೈಯಲ್ಲೇ ಉಳಿಯಿತು. "ಪೋನ್ ಮಾಡು ಅಂತ ನಿನ್ಯಾರ್ ಕೇಳಿದ್ರು?"

"ನಾಚ್ಕೆಯಾ? ಗೆದ್ದೋರ್ಗೆ ಯಾತರ ನಾಚ್ಕೆ?"

ಜೀಪಿನೊಳಗೆ ಎಳನೀರು ಹಿಡಿದು ಕೂತ ಅಳಿಯನನ್ನು ಮಾವ ನೋಡಿದರೆ ಮುಗಿಯಿತು. ಮತ್ತೆ ತಕ್ಕಡಿ ಕಲ್ಲು. ಆದರೆ ವ್ಯಾಪಾರಿಯ ತಲೆ ಸುಮ್ಮನಿರುತ್ತದೆಯೇ? ಎರಡು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡ. ತೆರಕಣಾಂಬಿಯಲ್ಲೂ ಶಂಕರ್ ಒಂದು ಫೋಟೋ ಮರ ಗೊತ್ತುಮಾಡಿದ್ದ; ಅಲ್ಲಿಂದ ಎಂದಿನಂತೆ ಜೀಪು. ಉಡಿಗಾಲಕ್ಕೆ ಮುಂಚಿನ ತಿರುವಿನಲ್ಲಿ, ಬಾಳೆತೋಟದ ಮರೆಯಲ್ಲಿ ಇಳಿಯುವುದು. ಅಲ್ಲಿಂದ ಊರೊಳಕ್ಕೆ ಗಂಡಸಿನಂತೆ ಓಡುವುದು. ಬಾಗಿಲಿಗೆ ಬಂದ ಅಳಿಯನನ್ನು ಅತ್ತೆಮನೆಯವರು ಹಾಗೇ ಬಿಟ್ಟಾರೆಯೇ? ಕಾಲಿಗೆ ನೀರು ಕೊಡುತ್ತಾರೆ, ಆರತಿ ಎತ್ತುತ್ತಾರೆ, ಹಾಲು ಹಣ್ಣು ಎನ್ನುತ್ತಾರೆ. ಆಗ, 'ಓಟ ಹೋದರೆ ಹೋಗಲಿ, ಮಾವನ ಮನೆಯ ಮರ್ಯಾದೆ ಮೀರೋದು ಹೇಗೆ?' ಎಂದು ಚಾಪೆಯ ಮೇಲೆ ಕೂತುಬಿಡುವುದು. ಓಟವೂ ಓಡಿದಂತೆ, ಮರ್ಯಾದೆಯೂ ಉಳಿದಂತೆ.

ಎಲ್ಲ ಲೆಕ್ಕ ಹಾಕಿದ್ದ. ಮನುಷ್ಯನಿಗಿಂತ ಜೀಪು ಬೇಗ ಹೋಗುತ್ತದೆ ಎನ್ನುವ ಒಂದು ಲೆಕ್ಕ ಮಾತ್ರ ಬಿಟ್ಟುಹೋಗಿತ್ತು.

ಆ ಭಾನುವಾರ ಬಾಳೆತೋಟದ ಮರೆಯಲ್ಲಿ ಇಳಿದು, ತಲೆಗೆ ಒಂದು ಚೊಂಬು ನೀರು ಸುರಿದುಕೊಂಡು ಶಿವಶಂಕರ ಉಡಿಗಾಲದೊಳಕ್ಕೆ ಓಡಿಬಂದಾಗ ಅವನ ಮುಂದೆ ಯಾರೂ ಇರಲಿಲ್ಲ. ಹಿಂದೆಯೂ ಇರಲಿಲ್ಲ. ಎದೆಯ ಮೇಲೆ ದಪ್ಪಗೆ ಒಂದು.

ಊರು ಬೊಬ್ಬೆ ಹಾಕಿತು. "ಬಂದ್ರು ಕನ್ಲಾ! ನಮ್ ಅಳಿಯಂದ್ರೇ ಪಸ್ಟು!" ಅತ್ತೆ ಶಿವಮ್ಮ ಆರತಿ ತಟ್ಟೆ ಹಿಡಿದು ರಸ್ತೆಗೆ ಬಂದಳು. ಶಿವಶಂಕರ ನಿಲ್ಲಲು ಕಾಲು ಎಳೆದ. ಅಷ್ಟರಲ್ಲಿ ಮರಿಮಲ್ಲಪ್ಪ ಎರಡೂ ಕೈ ಅಗಲಿಸಿ ಹೆಂಡತಿಗೆ ಅಡ್ಡ ನಿಂತ.

"ತಟ್ಟೆ ಅತ್ಲಾಗಿಡು! ನಿಲ್ಲುಸ್ಬ್ಯಾಡ ಅವ್ರ! ಇಂದ್ಗಡೆ ಒಂದ್ ನರಪಿಳ್ಳೆ ಇಲ್ಲ. ಓಡಿ ಅಳಿಯಂದ್ರೆ, ಓಡಿ!"

"ಮಾವ, ಒಂದ್ ಲೋಟ ನೀರು..."

"ನೀರು ಗೆದ್ಮ್ಯಾಕೆ!"

"ಮನೆ ಮುಂದ್ ಬಂದು ನಿಲ್ದಂಗೆ ಹೋದ್ರೆ..."

"ಮನೆ ಎಲ್ಗೋದದು? ಓಡಿ ಅಂದ್ರೆ!" ಎಂದವನೇ ಟ್ರಾಕ್ಟರ್ ಏರಿ ಸ್ಟಾರ್ಟ್ ಮಾಡಿದ. ಹಿಂದಿನ ಟ್ರೇಲರಿಗೆ ಕುರಿ ತುಂಬಿದಂತೆ ಜನ ತುಂಬಿಕೊಂಡರು. ಶಿವಶಂಕರ ಮುಂದೆ, ಅವನ ಬೆನ್ನಿಗೆ ಟ್ರಾಕ್ಟರಿನ ಮೂತಿ.

ಊರು ದಾಟಿದ ಮೇಲೆ ಸಂಘದ ಜೀಪು ಕಾಯುತ್ತಿತ್ತು. ಮಾದೇವ ಪರದೆ ಎತ್ತಿದ. ಹಿಂದೆ ಮಾವ. ಶಿವಶಂಕರ ಕಣ್ಣಿನಲ್ಲೇ 'ಹೋಗೋ, ಹೋಗು' ಎಂದು ಬೇಡಿಕೊಂಡ. ಮಾದೇವ ಅರ್ಥಮಾಡಿಕೊಂಡು ಗೇರ್ ಹಾಕಿದ. ಜೀಪು ಹೋಯಿತು, ಅದರೊಳಗೆ ಇವನ ಪಂಚೆ, ಶರಟು, ಚಪ್ಪಲಿ, ಎಳನೀರು ಎಲ್ಲವೂ ಹೋದವು.

ಫೋಟೋ ಮರದಾಚೆಗೆ ಓಡಿದ ಅಭ್ಯಾಸವಿಲ್ಲದ ಕಾಲು. ಎರಡು ಹೊಲ ದಾಟುವುದರೊಳಗೆ ಓಟ ಹೋಗಿ ಕುಂಟಾಯಿತು. ಟ್ರೇಲರಿನಲ್ಲಿ ಕೂತ ಮುದುಕ ಚಿಕ್ಕಬೀರಯ್ಯ ಕೇಳಿಯೇ ಬಿಟ್ಟ: "ಅಲ್ಲ ಮರಿಮಲ್ಲಪ್ನೋರೆ, ನಮ್ಮೆಮ್ಮೆ ಕೆರೆಗೆ ಓಗದೂ ಇದ್ಕಿಂತ ಬಿರ್ನೆ ಓಯ್ತದಲ್ಲ?"

"ಕೊನೇಲಿ ಬುಡಕೆ ಉಸ್ರು ಮಡಿಕಂಡವ್ರೆ ಕನ. ನಿಂಗೇನ್ ಗೊತ್ತು ಓಟದ್ ವಿಚಾರ?"

ಆಗ ಹಿಂದಿನಿಂದ ಒಬ್ಬ ಓಡಿಬಂದು, ಗಾಳಿಯಂತೆ ಶಿವಶಂಕರನನ್ನು ದಾಟಿಹೋದ. ನೂರಾ ಹನ್ನೆರಡು.

"ಚಿಕ್ಕುಡ್ಗ" ಎಂದ ಮರಿಮಲ್ಲಪ್ಪ.

ಮತ್ತೆ ಮೂವರು. ಮತ್ತೆ ಒಂದು ಹಿಂಡು. "ಪೋಲೀಸ್ನೋರಿರ್ಬೇಕು. ಅವ್ರಿಗೆ ಸರ್ಕಾರವೇ ಓಡಾಕೆ ಸಂಬ್ಳ ಕೊಡ್ತದೆ." ಆಮೇಲೆ ಕಾಲೇಜಿನ ಹುಡುಗಿಯರಿಬ್ಬರು ಏನೋ ಮಾತಾಡಿಕೊಂಡು ನಗುತ್ತಾ, ಸಂತೆಗೆ ಹೋಗುವವರ ಹಾಗೆ ದಾಟಿದರು. ಮರಿಮಲ್ಲಪ್ಪ ಈ ಸಲ ಟವಲಿನಿಂದ ಮುಖ ಒರೆಸಿಕೊಂಡ. ಟ್ರೇಲರಿನ ಬೊಬ್ಬೆ ನಿಂತು ಕೆಮ್ಮು ಶುರುವಾಗಿತ್ತು.

ಕೊನೆಗೆ ಬಂದವನು ಗುಂಡ್ಲುಪೇಟೆಯ ಡ್ರಿಲ್ ಮಾಸ್ತರು ಚೆಲುವಯ್ಯ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಶಿವಶಂಕರನ ಪಾಡು ಕಂಡು ಅವನ ಕರುಳು ಚುರುಕ್ ಎಂದಿತು. ಟ್ರಾಕ್ಟರಿನ ಸದ್ದಿನಲ್ಲಿ ಕೇಳಿಸಲೆಂದು ಗಂಟಲು ಹರಿಯುವ ಹಾಗೆ ಕೂಗಿದ:

"ಅಯ್ಯಯ್ಯೋ ಸಾವ್ಕಾರ್ರೆ! ಜೀಪ್ ಕೆಟ್ಟೋಯ್ತಾ? ಪ್ರತಿ ವರ್ಷ ಅದ್ರಲ್ಲೇ ಅಲ್ವಾ ಬರೋದು? ಛೆ ಛೆ, ನಿಮ್ಮನ್ನ ಕಾಲ್ನಡಿಗೇಲಿ ಬಿಟ್ಬಿಟ್ರಲ್ಲಪ್ಪ!" ಎಂದು ಮರುಗುತ್ತಾ ಮುಂದೆ ಓಡಿದ.

ಟ್ರೇಲರಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅದನ್ನು ತಡೆಯುವವರೇ ಇಲ್ಲವಾದರು. ಮುಂದಿನ ಊರಿನ ಟೀ ಅಂಗಡಿ ಬಂದಾಗ, ಹೊಟ್ಟೆ ಹಿಡಿದುಕೊಂಡು ಎಲ್ಲರೂ ಇಳಿದುಹೋದರು. ಮರಿಮಲ್ಲಪ್ಪ ಒಬ್ಬನೇ ಉಳಿದ. ಟ್ರಾಕ್ಟರನ್ನು ಅಳಿಯನ ಪಕ್ಕಕ್ಕೆ ತಂದು ನಿಲ್ಲಿಸಿದ.

"ಹತ್ತಿ ಅಳಿಯಂದ್ರೆ."

"ಬ್ಯಾಡ ಮಾವ. ಮುಗುಸ್ತೀನಿ."

"ಮುಗ್ಸಾಕೇನುಳುದದೆ? ಹತ್ತಿ. ನಿಮ್ಗೆ ರೂಢಿ ಅದಲ್ಲ."

ಬಿಸಿಲಿಗಿಂತ ಆ ಮಾತು ಚುರುಕಾಗಿತ್ತು. ಶಿವಶಂಕರ ಹತ್ತಲಿಲ್ಲ. ಶೌರ್ಯವೇನಲ್ಲ, ಸರಕು ಕೊಳೆತ ಮೇಲೂ ಬೆಲೆ ಇಳಿಸದ ವ್ಯಾಪಾರಿಯ ಹಟ. ಚಾಮರಾಜನಗರದವರೆಗೆ ನಡೆದೇ ಹೋದರೆ ಮಾವನ ಬಾಯಿಗೆ ಅರ್ಧ ಬೀಗವಾದರೂ ಬಿದ್ದೀತು ಎಂದುಕೊಂಡು ಒಂದೊಂದೇ ಕಾಲು ಎತ್ತಿಟ್ಟ. ಈ ಓಟಕ್ಕೆಂದೇ ಕೊಂಡ ಹೊಸ ಬೂಟು ಹಿಮ್ಮಡಿ ಕಚ್ಚಿತ್ತು. ಬೂಟು ಕಳಚಿ ಕೈಯಲ್ಲಿ ಹಿಡಿದರೆ ಡಾಂಬರು ಕಚ್ಚಿತು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದವಳೊಬ್ಬಳು ಅವನ ಚಡ್ಡಿ ನೋಡಿ ಮುಖ ತಿರುಗಿಸಿದಳು. ಬೆನ್ನ ಹಿಂದೆ ಟ್ರಾಕ್ಟರು ಮೊದಲನೇ ಗೇರಿನಲ್ಲಿ ಗುರುಗುಡುತ್ತಲೇ ಇತ್ತು. ಮುಂದೆಯೂ ಹೋಗದು, ಹಿಂದೆಯೂ ತಿರುಗದು.

ಮೈದಾನ ತಲುಪಿದಾಗ ಶಾಮಿಯಾನ ಬಿಚ್ಚಿಯಾಗಿತ್ತು. ಇಬ್ಬರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ಯಾರ್ ಬೇಕಿತ್ತು ಸಾರ್?" ಎಂದ ಒಬ್ಬ.

"ಓಟ..."

"ಓಟವಾ? ಓಟಾನೂ ಮುಗೀತು, ಊಟಾನೂ ಮುಗೀತು."

ಓಟ ಮುಗಿಯುವಲ್ಲಿ ನೆಲದ ಮೇಲೆ ಸುಣ್ಣದಲ್ಲಿ ಎಳೆದ ಗೆರೆ ಇತ್ತು. ಕುರ್ಚಿ ಎಳೆದಾಡಿ ಅರ್ಧ ಅಳಿಸಿತ್ತು. ಶಿವಶಂಕರ ಉಳಿದರ್ಧ ಗೆರೆಯನ್ನು ಹುಡುಕಿ ಅದನ್ನೇ ದಾಟಿದ. ಜನ್ಮದಲ್ಲಿ ಮೊದಲ ಸಲ ದಾಟಿದ್ದು. ದಾಟಿ, ತಿರುಗಿ ಮಾವನ ಕಡೆ ನೋಡಿದ. ಮರಿಮಲ್ಲಪ್ಪನೂ ನೋಡಿದ. ನೋಡಿ, ವೀಳ್ಯದೆಲೆಗೆ ಸುಣ್ಣ ಹಚ್ಚಿದ.

ಸಂಘದವರಿಲ್ಲ, ಜೀಪಿಲ್ಲ, ಪಂಚೆಯಿಲ್ಲ. ಬಸ್ಸಿಗೆ ಹೋಗೋಣವೆಂದರೆ ಓಟಗಾರನ ಚಡ್ಡಿಗೆ ಜೇಬೂ ಇಲ್ಲ.

"ಈಗ?" ಎಂದ ಮರಿಮಲ್ಲಪ್ಪ.

ಶಿವಶಂಕರ ಟ್ರೇಲರ್ ಹತ್ತಿ, ಖಾಲಿ ಗೊಬ್ಬರದ ಚೀಲದ ಮೇಲೆ ಕೂತ. ಅವನ ಅಂಗಡಿಯದೇ ಚೀಲ.

ಉಡಿಗಾಲದಲ್ಲಿ ಶಿವಮ್ಮ ಪಾಪ, ಆರತಿಯ ಬತ್ತಿ ಮತ್ತೆ ಹಚ್ಚಿಕೊಂಡು, ಚೊಂಬಿನಲ್ಲಿ ಕಾಲಿಗೆ ನೀರು ಹಿಡಿದು ಕಾಯುತ್ತಿದ್ದಳು. ಆರತಿಗೆ ಜೊತೆಯಾಗಲೆಂದು ದೊಡ್ಡ ಸೊಸೆಯನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡು, "ಬಂದ್ರಾ! ಯಾರ್ ಗೆದ್ರು?" ಎಂದಳು.

ಮರಿಮಲ್ಲಪ್ಪ ಇಳಿದು, ಜಗಲಿಯ ಮೇಲೆ ತನ್ನ ಜಾಗದಲ್ಲಿ ಕಾಲು ನೀಡಿ ಕೂತ.

"ಟ್ಯಾಕ್ಟ್ರು" ಎಂದ.

ಶಿವಶಂಕರ ಈಗಲೂ ವರ್ಷಕ್ಕೆ ಎರಡು ಸಲ ಹೆಂಡತಿಯ ಜೊತೆ ಉಡಿಗಾಲಕ್ಕೆ ಹೋಗುತ್ತಾನೆ. ಒಂದನೇ ನಂಬರು ಅಕ್ಕಿ ಗಿರಣಿಯವನ ಪಾಲಾಗಿದೆ. ಕಾರು ನಿಂತ ಸದ್ದಿಗೆ ಮರಿಮಲ್ಲಪ್ಪ ಕತ್ತು ಮಾತ್ರ ಹೊರಳಿಸಿ, ಕೂತಲ್ಲಿಂದಲೇ, "ಬನ್ನಿ" ಎನ್ನುತ್ತಾನೆ.